ಆಟವನ್ನು ತೂಗುವ ಕಸುಬು

ವಸಂತವಲ್ಲಭರಾಯನ ಗುಡಿಯಿಂದ ಹೆಸರು ಪಡೆದ ನಮ್ಮ ವಸಂತಪುರದಲ್ಲಿ ಹಿರಿಯರು ನನ್ನ ಉದ್ಯೋಗವೇನೆಂದು ಕೇಳುವುದುಂಟು. "ವೀಡಿಯೋ ಗೇಮುಗಳ ವಿಮರ್ಶೆ ಬರೆಯುತ್ತೇನೆ" ಎಂದರೆ, "ಅದು ಸರಿ, ಕೆಲಸ ಏನು?" ಎಂಬುದು ಮರುಪ್ರಶ್ನೆ. ಆಟ ಮಕ್ಕಳದು, ಬರವಣಿಗೆ ದೊಡ್ಡವರದು. ಎರಡಕ್ಕೂ ಗಂಟುಹಾಕಿ ಹೊಟ್ಟೆ ಹೊರೆಯುವುದು ಹೇಗೆಂದು ಅವರಿಗೆ ಸಂಶಯ. ಆದರೆ ಆಟವನ್ನು ಕುರಿತು ಬರೆಯುವುದು ಕನ್ನಡನಾಡಿಗೆ ಹೊಸದೇನಲ್ಲ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ 100 ಅಧ್ಯಾಯಗಳಿವೆ. ಕೊನೆಯ ಇಪ್ಪತ್ತು ಕ್ರೀಡೆಗೆಂದೇ ಮೀಸಲು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿಯೂ ಒಂದು. ಅದರಲ್ಲಿ ಆಟಗಳ ವಿವರಗಳಿವೆ. ಗಂಜೀಫದ ಆಟವನ್ನು 18 ಪಂಗಡಗಳ 360 ಎಲೆಗಳವರೆಗೆ ಬೆಳೆಸಿದವರೂ ಅವರೇ. ಈ ಅರಸರು ಆಟಗಳನ್ನು ವಿವರಿಸಿದರು. "ಇದು ಕೊಳ್ಳಲು ಯೋಗ್ಯವೇ?" ಎಂಬ ಪ್ರಶ್ನೆ ಅವರ ಮುಂದಿರಲಿಲ್ಲ. ಚೌಕಾಬಾರಕ್ಕೆ ಒಂದು ಸೀಮೆಸುಣ್ಣದ ಚೂರು, ನಾಲ್ಕು ಕವಡೆ ಇದ್ದರೆ ಮುಗಿಯಿತು, ಅದಕ್ಕೆ ವಿಮರ್ಶಕನೇಕೆ? ಆಟವು ಅಂಗಡಿಯ ಸರಕಾದ ಮೇಲೆಯೇ ಅದನ್ನು ತೂಗಿ ಹೇಳುವವನು ಬೇಕಾದದ್ದು.

ವೀಡಿಯೋ ಗೇಮುಗಳ ಮಟ್ಟಿಗೆ ಆ ಕೆಲಸ ಮೊದಲು ನೆಲೆಯೂರಿದ್ದು ಅಮೆರಿಕದಲ್ಲಿ. 1979ರಲ್ಲಿ ಬಿಲ್ ಕಂಕೆಲ್ ಮತ್ತು ಆರ್ನಿ ಕಾಟ್ಜ್ ಎಂಬ ಗೆಳೆಯರು 'ವೀಡಿಯೋ' ಪತ್ರಿಕೆಯಲ್ಲಿ ಒಂದು ಅಂಕಣ ತೆರೆದರು. 1981ರಲ್ಲಿ ಜಾಯ್ಸ್ ವೊರ್ಲಿ ಅವರನ್ನು ಕೂಡಿಕೊಂಡು 'ಎಲೆಕ್ಟ್ರಾನಿಕ್ ಗೇಮ್ಸ್' ಎಂಬ ಪತ್ರಿಕೆಯನ್ನೇ ಹೊರಡಿಸಿದರು. 1986ರಲ್ಲಿ ಆರಂಭವಾದ ಜಪಾನಿನ 'ಫಾಮಿತ್ಸು' ಪತ್ರಿಕೆ ನಾಲ್ವರು ವಿಮರ್ಶಕರಿಂದ ತಲಾ ಹತ್ತರಂತೆ ನಲವತ್ತಕ್ಕೆ ಅಂಕ ಕೊಡಿಸುವ ಪದ್ಧತಿಗೆ ಹೆಸರಾಯಿತು. ನಲವತ್ತಕ್ಕೆ ನಲವತ್ತು ಪಡೆದ ಮೊದಲ ಆಟ ಬಂದದ್ದು 1998ರಲ್ಲಿ, 'ಜೆಲ್ಡಾ' ಮಾಲೆಯದು.

ಅಂಕ ಬಂದ ಮೇಲೆ ಅಂಕದ ವ್ಯಾಪಾರವೂ ಬಂತು. 2001ರಲ್ಲಿ ಹುಟ್ಟಿದ 'ಮೆಟಾಕ್ರಿಟಿಕ್' ಎಲ್ಲ ವಿಮರ್ಶಕರ ಅಂಕಗಳನ್ನು ಕೂಡಿಸಿ ಸರಾಸರಿ ತೆಗೆಯತೊಡಗಿತು. 2010ರ 'ಫಾಲೌಟ್: ನ್ಯೂ ವೆಗಾಸ್' ಆಟವನ್ನು ತಯಾರಿಸಿದ ಅಬ್ಸಿಡಿಯನ್ ಸಂಸ್ಥೆಗೆ ಸರಾಸರಿ 85 ಬಂದರೆ ಬೋನಸ್ಸು ಎಂಬ ಕರಾರಿತ್ತು, ಬಂದದ್ದು 84. ಒಂದೇ ಒಂದು ಅಂಕಕ್ಕೆ ಬೋನಸ್ಸು ತಪ್ಪಿತೆಂಬ ಸಂಗತಿ 2012ರಲ್ಲಿ ಹೊರಬಿತ್ತು. ಅಂದಿನಿಂದ ಆರೋ ಏಳೋ ಎಂದು ಬರೆಯುವಾಗ ನನ್ನ ಕೈ ಸ್ವಲ್ಪ ತಡೆಯುತ್ತದೆ.

ನಮ್ಮ ಬೆಂಗಳೂರಿಗೂ ಈ ಚರಿತ್ರೆಯಲ್ಲಿ ಪಾಲುಂಟು. ರಾಜೇಶ್ ರಾವ್ ಅವರು 1997ರಲ್ಲಿ ಇಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್, ಭಾರತದ ಗೇಮ್ ಉದ್ಯಮದ ಮೊದಲಿಗರ ಸಾಲಿನದು. 2019ರಲ್ಲಿ ಅದು ರಾಕ್‌ಸ್ಟಾರ್ ಸಂಸ್ಥೆಯ ಕೈಸೇರಿತು. ಆಟ ಕಟ್ಟುವವರಿಗೆ ಹೀಗೆ ಕಚೇರಿಯೂ ತಿಂಗಳ ಸಂಬಳವೂ ಉಂಟು. ನನ್ನಂಥ ಬಿಡಿ ಬರಹಗಾರನಿಗೆ ಮನೆಯ ಮೂಲೆಯ ಮೇಜೇ ಕಚೇರಿ.

ಅಲ್ಲಿನ ದಿನಚರಿಯನ್ನು ಕೇಳಿ. ಕಂಪನಿಯವರಿಂದ ಆಟದ ಕೋಡು ಬರುತ್ತದೆ. ನೂರು ಜಿಬಿಯಷ್ಟು ಸರಕು ಇಳಿಯುವಷ್ಟರಲ್ಲಿ ಕರೆಂಟು ಎರಡು ಸಲ ಹೋಗಿ ಬಂದಿರುತ್ತದೆ. ಐವತ್ತು ಗಂಟೆಯ ಆಟವನ್ನು ಐದು ದಿನದಲ್ಲಿ ಮುಗಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಬೆಳಗಿನ ಎಂಟಕ್ಕೆ ವಿಮರ್ಶೆ ಹೊರಬರಲೆಂದು ಅಪ್ಪಣೆಯಾದರೆ, ಬೇಸಿಗೆಯಲ್ಲಿ ನಮಗೆ ಅದು ರಾತ್ರಿ ಎಂಟೂವರೆ, ಚಳಿಗಾಲದಲ್ಲಿ ಒಂಬತ್ತೂವರೆ. ಆಡುವ ಯಂತ್ರ ನಮ್ಮದೇ ಖರ್ಚು: ಪ್ಲೇಸ್ಟೇಷನ್ 5 ಹೊರದೇಶಗಳಲ್ಲಿ 2020ರ ನವೆಂಬರಿನಲ್ಲೇ ಬಂದಿತ್ತು, ಇಲ್ಲಿಗೆ ಬಂದದ್ದು 2021ರ ಫೆಬ್ರವರಿಯಲ್ಲಿ, 49,990 ರೂಪಾಯಿಗೆ.

ಸಂಭಾವನೆ ಪದದ ಲೆಕ್ಕ. ಪದಕ್ಕೆ ನಾಲ್ಕು ರೂಪಾಯಿಯಂತೆ ಸಾವಿರ ಪದಕ್ಕೆ 4,000. ಐವತ್ತು ಗಂಟೆ ಆಡಿ ಆರು ಗಂಟೆ ಬರೆದರೆ ಗಂಟೆಗೆ ಎಪ್ಪತ್ತೊಂದು ರೂಪಾಯಿ ಬಿದ್ದಂತಾಯಿತು. ಅದೂ ಕೈಗೆ ಬರುವುದು ಎರಡು ಮೂರು ತಿಂಗಳ ಮೇಲೆ. ನನ್ನ ಮೂರು ಲೇಖನಗಳ ಹಣ ಕೊಡದೆಯೇ ಬಾಗಿಲು ಹಾಕಿಕೊಂಡ ಪತ್ರಿಕೆಯೊಂದುಂಟು.

ಹಣಕ್ಕಿಂತ ದೊಡ್ಡ ಇಕ್ಕಟ್ಟು ಬೇರೆ ಇದೆ. ನಮ್ಮೂರಿನ ನಾಲ್ಕೇ ಜನ ಮೂರು ವರ್ಷ ದುಡಿದು ಮಾಡಿದ ಆಟವೊಂದು ನನ್ನ ಮೇಜಿಗೆ ಬಂತು. ಚಿತ್ರಗಳು ಸೊಗಸು, ಆಟ ಮಾತ್ರ ಅರ್ಧದಾರಿಯಲ್ಲೇ ಸೊರಗಿತ್ತು. ಅವರ ಶ್ರಮವನ್ನು ನಾನು ಬಲ್ಲೆ. ಹಬ್ಬಕ್ಕೆ ಸಿಕ್ಕ ಕಾಸು ಕೂಡಿಟ್ಟು ಅದನ್ನು ಕೊಳ್ಳಹೊರಟ ಎದುರುಮನೆಯ ಹುಡುಗನನ್ನೂ ಬಲ್ಲೆ. ಆರು ಅಂಕ ಕೊಟ್ಟು ಕಾರಣಗಳನ್ನು ವಿವರವಾಗಿ ಬರೆದೆ. ಅವರ ಮುಂದಿನ ಆಟದ ಕೋಡು ನನಗೆ ಬರಲಿಲ್ಲ. ದುಡ್ಡು ಕೊಟ್ಟು ಕೊಂಡೆ. ಅದು ಚೆನ್ನಾಗಿತ್ತು, ಚೆನ್ನಾಗಿದೆಯೆಂದೇ ಬರೆದೆ.

ಸೋಮೇಶ್ವರನಿಗೂ ಮುಮ್ಮಡಿಯವರಿಗೂ ಬರೆಯಲು ರಾಜ್ಯದ ಆಶ್ರಯವಿತ್ತು. ಇಂದಿನ ವಿಮರ್ಶಕನಿಗೆ ಓದುಗನ ಹೊರತು ಬೇರೆ ಆಶ್ರಯವಿಲ್ಲ. ಆದುದರಿಂದ ಓದುಗರಲ್ಲಿ ನನ್ನ ಅರಿಕೆ ಇಷ್ಟೇ: ಕೊನೆಯ ಸಾಲಿನ ಅಂಕವನ್ನಷ್ಟೇ ನೋಡಿ ಪುಟ ಮಗುಚಬೇಡಿ. ಅದರ ಮೇಲಿರುವ ಸಾವಿರ ಪದಗಳನ್ನೂ ದಯವಿಟ್ಟು ಓದಿ; ಆ ಐವತ್ತು ಗಂಟೆಗಳು ಇರುವುದು ಅಲ್ಲಿ.