ಜಗಲಿಯ ಹಿಮ್ಮೇಳ

ನಮ್ಮ ಕುಂಬಳೆ ಸೀಮೆ ಪಾರ್ತಿಸುಬ್ಬನ ನಾಡು. ಆದರೂ ಇಲ್ಲಿಯ ಹವ್ಯಾಸಿ ತಂಡಗಳ ಆರಂಭವು ಸುಲಭದ್ದಾಗಿರಲಿಲ್ಲ. ಪತ್ತನಾಜೆಗೆ ವೃತ್ತಿಮೇಳಗಳು ಗೆಜ್ಜೆ ಬಿಚ್ಚಿದ ತರುವಾಯ ಮಳೆಗಾಲದ ಇರುಳುಗಳಲ್ಲಿ ಮನೆಯ ಜಗಲಿಯೇ ತಾಳಮದ್ದಳೆಯ ರಂಗವಾಗುತ್ತಿತ್ತು. ವೇಷಭೂಷಣದ ಬಾಡಿಗೆ ತೆರಲಾರದ ನಮ್ಮ ಹಿರಿಯರಿಗೆ ಅಷ್ಟೇ ಸಾಕಾಗಿತ್ತು. ಭಾಗವತರು ದೊರೆತಂದು ಮದ್ದಳೆಗಾರರಿಲ್ಲ. ಇಬ್ಬರೂ ಒದಗಿದಂದು ತೇವಕ್ಕೆ ಚೆಂಡೆಯ ಚರ್ಮ ಸಡಿಲ. ಅದನ್ನು ಒಲೆಯ ಕಾವಿಗೆ ಹಿಡಿದು ನಾದ ಬರಿಸುವಷ್ಟರಲ್ಲಿ ಸಭೆಯ ಅರ್ಧ ಜನ ನಿದ್ದೆಹೋಗಿರುತ್ತಿದ್ದರು. (ಎಚ್ಚರವಿದ್ದವರೇ ಕಠಿಣ ವಿಮರ್ಶಕರು!)

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಕಚೇರಿಯ ಕಾಗದಗಳಲ್ಲಿ ಮಲಯಾಳವು ಬಂದಿತು. ಜಗಲಿಯ ಅರ್ಥಗಾರಿಕೆ ಮಾತ್ರ ಕನ್ನಡದಲ್ಲಿಯೇ ನಡೆಯಿತು. ಎದುರಾಳಿಗೆ ಉತ್ತರ ಹೊಳೆಯದೆ ತಡವರಿಸಿದ ಹುಡುಗನು ಮುಂದಿನ ಕೂಟಕ್ಕೆ ಕುಮಾರವ್ಯಾಸನನ್ನೋ ಲಕ್ಷ್ಮೀಶನನ್ನೋ ಓದಿಕೊಂಡೇ ಬರುತ್ತಿದ್ದನು.