ಹಿಮ ಬಿದ್ದ ಬೆಳಿಗ್ಗೆ ಸೈಕಲ್ ಹತ್ತಿದವರು

ಫಿನ್‌ಲ್ಯಾಂಡ್ ದೇಶದಲ್ಲಿ, ಬೋಥ್ನಿಯಾ ಕೊಲ್ಲಿಯ ದಂಡೆಯ ಮೇಲೆ ಔಲು ಎಂಬ ನಗರವಿದೆ. ಜನಸಂಖ್ಯೆ ಎರಡು ಲಕ್ಷಕ್ಕೂ ಸ್ವಲ್ಪ ಹೆಚ್ಚು. ಉತ್ತರ ಧ್ರುವ ವೃತ್ತ ಅಲ್ಲಿಂದ ಹೆಚ್ಚು ದೂರವಿಲ್ಲ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ಕಾಣುವುದು ದಿನಕ್ಕೆ ನಾಲ್ಕು ಗಂಟೆಗಿಂತಲೂ ಕಡಿಮೆ. ಉಷ್ಣತೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿದರೆ ಯಾರೂ ಅಚ್ಚರಿಪಡುವುದಿಲ್ಲ. ಅಂಥ ಊರಿನಲ್ಲಿ, ಬೆಳಿಗ್ಗೆ ಎಂಟು ಗಂಟೆಯ ಕತ್ತಲಲ್ಲಿ, ಮಕ್ಕಳು ಸೈಕಲ್ ತುಳಿದುಕೊಂಡು ಶಾಲೆಗೆ ಹೋಗುತ್ತಾರೆ. ದೊಡ್ಡವರು ಕಚೇರಿಗೆ, ಆಸ್ಪತ್ರೆಗೆ, ಅಂಗಡಿಗೆ ಹೋಗುತ್ತಾರೆ. ಇದನ್ನು ಅವರು ಸಾಹಸವೆಂದು ಭಾವಿಸುವುದಿಲ್ಲ. ಕೆಲಸಕ್ಕೆ ಹೋಗುವುದು, ಅಷ್ಟೇ.

ಹಿಮವನ್ನು ಚಿತ್ರದಲ್ಲಿ ಮಾತ್ರ ನೋಡಿದ ನಮಗೆ ಇದು ಕಟ್ಟುಕಥೆಯಂತೆ ಕೇಳಿಸಬಹುದು. ನಮ್ಮ ಭಾಷೆಗೇ ಹಿಮದ ಪರಿಚಯ ಕಡಿಮೆ. ಬೆಳಗಿನ ಕಾವಳಕ್ಕೂ ನಾವು ಮಂಜು ಎನ್ನುತ್ತೇವೆ, ಆಕಾಶದಿಂದ ಬೀಳುವ ಹಿಮಕ್ಕೂ ಮಂಜು ಎನ್ನುತ್ತೇವೆ. ಉರ್ದುವಿನಲ್ಲಿ ಬೀಳುವ ಹಿಮವೂ ಬರ್ಫ್, ಶರಬತ್ತಿಗೆ ಹಾಕುವ ಗಡ್ಡೆಯೂ ಬರ್ಫ್. ಆದರೆ ಸೈಕಲ್ ಸವಾರನಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ಹೊಸದಾಗಿ ಬಿದ್ದ ತೆಳುವಾದ ಹಿಮದ ಮೇಲೆ ಚಕ್ರ ಉರುಳುತ್ತದೆ. ಚಳಿಗೆ ಗಟ್ಟಿಯಾಗಿ ಅದುಮಿಕೊಂಡ ಒಣ ಹಿಮದ ಮೇಲೆ ಇನ್ನೂ ಚೆನ್ನಾಗಿ ಉರುಳುತ್ತದೆ. ಹಗಲು ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದ ಗಾಜಿನಂಥ ಪದರ ಮಾತ್ರ ಸವಾರನನ್ನು ಕೆಡವುತ್ತದೆ. ಹೀಗಾಗಿ ಸೊನ್ನೆಯ ಆಸುಪಾಸಿನಲ್ಲಿ ತೂಗಾಡುವ ಚಳಿಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯೇ ಸೈಕಲ್ಲಿಗೆ ಎಷ್ಟೋ ವಾಸಿ. ಚಳಿ ಹೆಚ್ಚಾದಷ್ಟೂ ಸೈಕಲ್ ಅಸಾಧ್ಯ ಎಂಬ ನಮ್ಮ ಅಂದಾಜು ಇಲ್ಲಿಯೇ ತಪ್ಪುತ್ತದೆ.

ಹಾಗಾದರೆ ಹಿಮದಲ್ಲಿ ಸೈಕಲ್ ಓಡುವುದೂ ನಿಲ್ಲುವುದೂ ಯಾವುದರಿಂದ? ಹವೆಯಿಂದಲೋ, ಯಂತ್ರದಿಂದಲೋ, ಮನುಷ್ಯರ ತೀರ್ಮಾನದಿಂದಲೋ? ಇದನ್ನು ತಿಳಿಯಲು ಇನ್ನೂರು ವರ್ಷಗಳ ಹಿಂದಕ್ಕೆ ಹೋಗಬೇಕು.

1815ರ ಏಪ್ರಿಲ್‌ನಲ್ಲಿ ಇಂದಿನ ಇಂಡೋನೇಷ್ಯಾದ ಸುಂಬಾವಾ ದ್ವೀಪದಲ್ಲಿ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರ ಬುಡದಲ್ಲಿದ್ದ ಸಣ್ಣ ರಾಜ್ಯಗಳು ಜನರ ಸಮೇತ ಬೂದಿಯಡಿ ಹೂತುಹೋದವು. ಆಕಾಶಕ್ಕೆ ಏರಿದ ಗಂಧಕದ ಕಣಗಳು ಭೂಮಿಯನ್ನು ಸುತ್ತಿ ಬಿಸಿಲನ್ನು ತಡೆದವು. ಮರುವರ್ಷ, ಅಂದರೆ 1816ರಲ್ಲಿ, ಯುರೋಪಿಗೂ ಉತ್ತರ ಅಮೆರಿಕಕ್ಕೂ ಬೇಸಿಗೆಯೇ ಬರಲಿಲ್ಲ. ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಜೂನ್ ತಿಂಗಳಲ್ಲಿ ಹಿಮ ಬಿತ್ತು. ಜರ್ಮನಿಯಲ್ಲಿ ಬೆಳೆ ಕೊಳೆಯಿತು, ಓಟ್ಸ್ ಬೆಲೆ ಏರಿತು, ಕುದುರೆಗಳಿಗೆ ಮೇವಿಲ್ಲದಾಯಿತು. 1817ರ ಜೂನ್‌ನಲ್ಲಿ ಮನ್‌ಹೈಮ್ ನಗರದ ಕಾರ್ಲ್ ಡ್ರೈಸ್ ಎಂಬಾತ ಮರದ ಎರಡು ಚಕ್ರಗಳ ಗಾಡಿಯನ್ನೇರಿ, ಕಾಲಿನಿಂದ ನೆಲ ಒದೆಯುತ್ತಾ ಊರ ಹೊರಗೆ ಹೋಗಿಬಂದ. ಅದಕ್ಕೆ ಪೆಡಲ್ ಇರಲಿಲ್ಲ, ಚೈನ್ ಇರಲಿಲ್ಲ. ಆದರೂ ಸೈಕಲ್ಲಿನ ಮೂಲ ಅದೇ. ಕುದುರೆಗಳ ಕೊರತೆಯೇ ಡ್ರೈಸನನ್ನು ಈ ಕೆಲಸಕ್ಕೆ ಹಚ್ಚಿತೆಂದು ಕೆಲವು ಇತಿಹಾಸಕಾರರು ವಾದಿಸುತ್ತಾರೆ. ಎಲ್ಲರೂ ಅದನ್ನು ಒಪ್ಪಿಲ್ಲ. ಕಾರಣ ಏನೇ ಇರಲಿ, ಹಿಮದ ಬೇಸಿಗೆ ಕಳೆದು ಒಂದೇ ವರ್ಷದಲ್ಲಿ ಸೈಕಲ್ಲಿನ ಪೂರ್ವಜ ಹುಟ್ಟಿತು.

1885ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಸಮಗಾತ್ರದ ಎರಡು ಚಕ್ರ, ಹಿಂಚಕ್ರಕ್ಕೆ ಚೈನ್ ಇರುವ ಇಂದಿನ ಮಾದರಿ ಬಂತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಗಾಳಿ ತುಂಬಿದ ಟಯರನ್ನು ತಂದ. ಈ ಸೈಕಲ್ಲಿಗೆ ಹಿಮದ ಕಠಿಣ ಪರೀಕ್ಷೆ ಎದುರಾದದ್ದು ಅಮೆರಿಕ ಖಂಡದ ವಾಯವ್ಯ ಮೂಲೆಯಲ್ಲಿ. ಕೆನಡಾದ ಡಾಸನ್ ಪಟ್ಟಣದಲ್ಲಿ ಚಿನ್ನಕ್ಕಾಗಿ ನೆರೆದಿದ್ದ ಜನರಿಗೆ, ಅಲಾಸ್ಕದ ನೋಮ್ ಎಂಬಲ್ಲಿ ಕಡಲ ಮರಳಿನಲ್ಲೇ ಚಿನ್ನ ಸಿಗುತ್ತಿದೆಯೆಂಬ ಸುದ್ದಿ ಬಂತು. ನಡುವೆ ಸುಮಾರು 1600 ಕಿಲೋಮೀಟರ್. ದಾರಿ ಎಂದರೆ ಹೆಪ್ಪುಗಟ್ಟಿದ ಯೂಕಾನ್ ನದಿ. ನಾಯಿಗಳ ತಂಡ ಕೊಳ್ಳಲು ಕೈಯಲ್ಲಿ ದುಡ್ಡು ಬೇಕು, ಅವಕ್ಕೆ ದಿನವೂ ಮೀನು ಹಾಕಬೇಕು. ಸೈಕಲ್ಲಿಗೆ ಮೇವು ಬೇಡ.

1900ರ ಫೆಬ್ರವರಿಯಲ್ಲಿ ಎಡ್ ಜೆಸ್ಸನ್ ಎಂಬಾತ ಸೈಕಲ್ ಹತ್ತಿ ಹೊರಟ. ನಾಯಿಬಂಡಿಗಳು ಕೊರೆದ ಕಿರಿದಾದ ಗೆರೆಯಲ್ಲೇ ಚಕ್ರ ನಡೆಸಬೇಕು, ತಪ್ಪಿದರೆ ಮೆತ್ತನೆಯ ಹಿಮದಲ್ಲಿ ಬೀಳಬೇಕು. ಚಳಿ ತೀವ್ರವಾದಾಗ ಬೇರಿಂಗ್‌ಗಳ ಎಣ್ಣೆ ಹೆಪ್ಪುಗಟ್ಟಿತು, ಟಯರಿನ ರಬ್ಬರು ಮರದಂತೆ ಬಿರುಸಾಯಿತು. ಆದರೂ ಸುಮಾರು ಐದು ವಾರಗಳಲ್ಲಿ ಆತ ನೋಮ್ ತಲುಪಿದ. ಅದೇ ವಸಂತದಲ್ಲಿ ಹೊರಟ ಮ್ಯಾಕ್ಸ್ ಹಿರ್ಷ್‌ಬರ್ಗ್ ಎಂಬ ತರುಣನ ಸೈಕಲ್ಲಿನ ಚೈನ್ ಕೊನೆಯ ಹಂತದಲ್ಲಿ ತುಂಡಾಯಿತು. ಆತ ತನ್ನ ಕೋಟಿಗೆ ಕೋಲು ಕಟ್ಟಿ ಬೆನ್ನಿಗೆ ಹಾಯಿಯಂತೆ ಹರಡಿ, ಗಾಳಿಯ ಬಲದಿಂದ ಮಂಜುಗಡ್ಡೆಯ ಮೇಲೆ ಸಾಗಿದ. ಇಂಥ ಕಥೆಗಳು ಕೇಳಲು ಚೆಂದ. ಆದರೆ ಗಮನಿಸಬೇಕಾದ ಮಾತು ಬೇರೆ: ಇವರು ಆಟಕ್ಕೆ ಹೊರಟವರಲ್ಲ, ದುಡಿಮೆಗೆ ಹೊರಟವರು. ಅಗ್ಗದ ವಾಹನ ಬೇರೆ ಇರಲಿಲ್ಲ.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಸೈಕಲ್ ಉತ್ತರ ಯುರೋಪಿನ ಕಾರ್ಮಿಕರ ವಾಹನವಾಯಿತು. ಕಾರ್ಖಾನೆಯ ಸೈರನ್ ಬೇಸಿಗೆ, ಚಳಿಗಾಲ ಎಂದು ಭೇದ ಮಾಡುವುದಿಲ್ಲವಷ್ಟೆ. ಆದ್ದರಿಂದ ಯಂತ್ರವೇ ಚಳಿಗೆ ಹೊಂದಿಕೊಂಡಿತು. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಂಚಕ್ರದ ಹಬ್ಬಿನೊಳಗೇ ಹಿಡಿಯುವ ಬ್ರೇಕ್ ಬಂತು. ಹೊರಗಿನ ಹಿಮ ಅದನ್ನು ಮುಟ್ಟದು, ಹೆಪ್ಪುಗಟ್ಟುವ ತಂತಿಯೂ ಅದಕ್ಕಿಲ್ಲ. ಚೈನಿಗೆ ಮುಚ್ಚಳ ಬಂತು, ಕತ್ತಲ ಬೆಳಗಿಗೆ ಡೈನಮೋ ದೀಪ ಬಂತು. ಮುಂದೆ ಸಣ್ಣ ಲೋಹದ ಮೊಳೆಗಳನ್ನು ಕೂಡಿಸಿದ ಟಯರುಗಳೂ ಬಂದವು. ಸವಾರರೂ ಒಂದು ಪಾಠ ಕಲಿತರು. ಚಳಿಗಾಲದ ಸವಾರಿಯಲ್ಲಿ ಬೆವರೇ ಶತ್ರು. ಬೆವರಿ ಒದ್ದೆಯಾದ ಮೈ ನಿಂತ ಕೂಡಲೇ ಮರಗಟ್ಟುತ್ತದೆ. ಆದುದರಿಂದ ದಪ್ಪ ಬಟ್ಟೆ ಒಂದರ ಬದಲು ತೆಳುಬಟ್ಟೆ ಮೂರು, ಅವಸರದ ಬದಲು ನಿಧಾನ.

ಆದರೆ ಚಳಿ, ಹಸಿವು, ಸೈಕಲ್ ಈ ಮೂರೂ ಒಟ್ಟಿಗೆ ಬಂದ ಒಂದು ಕಾಲವನ್ನು ಡಚ್ಚರು ಇಂದಿಗೂ ಮರೆತಿಲ್ಲ. 1944ರ ಸೆಪ್ಟೆಂಬರ್‌ನಲ್ಲಿ ನಾಜಿಗಳ ವಶದಲ್ಲಿದ್ದ ನೆದರ್‌ಲ್ಯಾಂಡ್ಸ್‌ನ ರೈಲ್ವೆ ನೌಕರರು, ಲಂಡನ್ನಿನಲ್ಲಿದ್ದ ತಮ್ಮ ಸರ್ಕಾರದ ಕರೆಗೆ ಓಗೊಟ್ಟು ಮುಷ್ಕರ ಹೂಡಿದರು. ಸೇಡಿಗೆ ಜರ್ಮನರು ಪಶ್ಚಿಮದ ನಗರಗಳಿಗೆ ಆಹಾರ ಹೋಗದಂತೆ ತಡೆದರು. ಆ ತಡೆಯನ್ನು ಭಾಗಶಃ ಸಡಿಲಿಸಿದ ಮೇಲೂ ಪ್ರಯೋಜನವಾಗಲಿಲ್ಲ. ಚಳಿ ಬಂದು ಕಾಲುವೆಗಳು ಹೆಪ್ಪುಗಟ್ಟಿದವು, ದೋಣಿಗಳು ನಿಂತವು. ಇದೇ 'ಹಸಿವಿನ ಚಳಿಗಾಲ'. ಸುಮಾರು 20,000 ಜನ ಸತ್ತರು.

ಆಗ ಆಮ್‌ಸ್ಟರ್‌ಡ್ಯಾಮ್, ರಾಟರ್‌ಡ್ಯಾಮ್, ಹೇಗ್ ನಗರಗಳ ಜನ ಆಲೂಗೆಡ್ಡೆ, ಧಾನ್ಯ ಹುಡುಕಿಕೊಂಡು ಹಳ್ಳಿಗಳಿಗೆ ಹೊರಟರು. ಹೊರಟವರಲ್ಲಿ ಹೆಂಗಸರೇ ಹೆಚ್ಚು, ಏಕೆಂದರೆ ಗಂಡಸರು ಕಣ್ಣಿಗೆ ಬಿದ್ದರೆ ಬಲವಂತದ ದುಡಿಮೆಗೆ ಜರ್ಮನಿಗೆ ಎಳೆದೊಯ್ಯುವ ಭಯವಿತ್ತು. ಒಳ್ಳೆಯ ಸೈಕಲ್ಲುಗಳನ್ನು ಸೈನಿಕರು ಆಗಲೇ ಕಸಿದುಕೊಂಡಿದ್ದರು. ಉಳಿದ ಹಳೆಯ ಸೈಕಲ್ಲುಗಳಿಗೆ ರಬ್ಬರು ಸಿಗದೆ ತೋಟದ ಪೈಪಿನ ತುಂಡು, ಹಗ್ಗ, ಮರದ ಪಟ್ಟಿ ಕಟ್ಟಿಕೊಂಡರು. ಕೆಲವರು ಬರಿಯ ಕಬ್ಬಿಣದ ರಿಮ್ಮಿನ ಮೇಲೆಯೇ ಹಿಮದಲ್ಲಿ ಹೋದರು. ಮನೆಯ ಬೆಳ್ಳಿ ಚಮಚ, ಬೆಡ್‌ಶೀಟು ಕೊಟ್ಟು ಬದಲಿಗೆ ಆಲೂಗೆಡ್ಡೆ ತಂದರು. ಸೈಕಲ್ ಇದ್ದ ಮನೆಗೂ ಇಲ್ಲದ ಮನೆಗೂ ನಡುವಿನ ಅಂತರವೆಂದರೆ ಎಷ್ಟೋ ಸಲ ಆ ವಾರದ ಊಟ.

ಯುದ್ಧ ಮುಗಿದು ಒಂದೆರಡು ದಶಕಗಳಲ್ಲಿ ಕಾರುಗಳ ಕಾಲ ಬಂತು. ಹಿಮದ ಇತಿಹಾಸ ತಿರುವು ಪಡೆದುದು ಇಲ್ಲಿ. ಹಿಮ ಬಿದ್ದ ರಾತ್ರಿ ನಗರಸಭೆಯ ಯಂತ್ರಗಳು ಹೊರಟು ಹೆದ್ದಾರಿ, ಮುಖ್ಯರಸ್ತೆಗಳ ಹಿಮವನ್ನು ಅಂಚಿಗೆ ತಳ್ಳುತ್ತಿದ್ದವು. ಅಂಚು ಎಂದರೆ ಯಾವುದು? ನಡೆಯುವವರ, ಸೈಕಲ್ಲಿನವರ ದಾರಿ. ಮೋಟಾರಿನ ದಾರಿ ಸ್ವಚ್ಛವಾದಷ್ಟೂ ಬಡವನ ದಾರಿ ಮುಚ್ಚುತ್ತಿತ್ತು. ಆಮೇಲೆ 'ಚಳಿಗಾಲದಲ್ಲಿ ಯಾರೂ ಸೈಕಲ್ ತುಳಿಯುವುದಿಲ್ಲ' ಎಂದು ಹೇಳುವುದು ಸುಲಭವಾಯಿತು. ದಾರಿ ಮುಚ್ಚಿದವರು ನಾವೇ, ಯಾರೂ ಬರುತ್ತಿಲ್ಲ ಎನ್ನುವವರೂ ನಾವೇ!

ಎಲ್ಲ ಊರುಗಳೂ ಹೀಗೆ ಮಾಡಲಿಲ್ಲ. 1973ರ ತೈಲ ಬಿಕ್ಕಟ್ಟಿನಲ್ಲಿ ಡೆನ್ಮಾರ್ಕ್ ಸರ್ಕಾರ ನವೆಂಬರ್‌ನಿಂದ ಫೆಬ್ರವರಿವರೆಗೆ ಭಾನುವಾರಗಳಂದು ಕಾರು ಓಡಿಸುವುದನ್ನು ನಿಷೇಧಿಸಿತು. ಕಾರಿಲ್ಲದ ರಸ್ತೆಗಳನ್ನು ಜನ ಕಂಡದ್ದು ಚಳಿಗಾಲದಲ್ಲೇ. ಮುಂದೆ ಸೈಕಲ್ ದಾರಿ ಬೇಕೆಂಬ ಚಳವಳಿಗಳು ಬಲಗೊಂಡವು. ಇಂದು ಕೋಪನ್‌ಹೇಗನ್‌ನಲ್ಲಿ ಹಿಮ ಬಿದ್ದರೆ ಮುಖ್ಯ ಸೈಕಲ್ ದಾರಿಗಳಿಗೆ ಉಪ್ಪುನೀರು ಸಿಂಪಡಿಸಿ ಮೊದಲು ತೆರವು ಮಾಡುತ್ತಾರೆ, ಕಾರಿನ ದಾರಿಯ ಸರದಿ ಆಮೇಲೆ. ಬೇಸಿಗೆಯ ಸವಾರರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಚಳಿಗಾಲದಲ್ಲೂ ಸೈಕಲ್ ಬಿಡುವುದಿಲ್ಲ. ಔಲು ನಗರದ ವಿಧಾನ ಬೇರೆ. ಅಲ್ಲಿ ಉಪ್ಪು ಹಾಕುವುದಿಲ್ಲ. ಹಿಮವನ್ನು ತಳ್ಳಿ, ಉಳಿದ ತೆಳು ಪದರವನ್ನು ಅದುಮಿ, ಹಲ್ಲುಳ್ಳ ಅಲಗಿನಿಂದ ಗೀರು ಹಾಕಿ ಒರಟಾಗಿಸುತ್ತಾರೆ, ಬೇಕಾದಲ್ಲಿ ಜಲ್ಲಿಪುಡಿ ಎರಚುತ್ತಾರೆ. ಶಾಲೆ, ಕಚೇರಿಗಳ ಹೊತ್ತಿಗೆ ಮೊದಲೇ ಈ ಕೆಲಸ ಮುಗಿಯಬೇಕು. ನಗರದ ಸೈಕಲ್ ದಾರಿಗಳ ಉದ್ದ 900 ಕಿಲೋಮೀಟರಿಗೂ ಹೆಚ್ಚು. 2013ರಲ್ಲಿ ಚಳಿಗಾಲದ ಸೈಕಲ್ ಸವಾರಿಯ ಬಗೆಗಿನ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದೂ ಇಲ್ಲಿಯೇ.

ಸ್ವೀಡನ್ನಿನ ಕಾರ್ಲ್‌ಸ್ಕೂಗಾ ಎಂಬ ಸಣ್ಣ ಊರಿನಲ್ಲಿ ಇನ್ನೂ ಸ್ವಾರಸ್ಯದ ಪ್ರಸಂಗ ನಡೆಯಿತು. 2011ರಲ್ಲಿ ಅಲ್ಲಿನ ಆಡಳಿತ ತನ್ನ ಎಲ್ಲ ಕೆಲಸಗಳನ್ನೂ ಹೆಣ್ಣು-ಗಂಡು ಸಮಾನತೆಯ ದೃಷ್ಟಿಯಿಂದ ಪರಿಶೀಲಿಸುತ್ತಿತ್ತು. ಹಿಮ ತೆಗೆಯುವುದರಲ್ಲಾದರೂ ಈ ಪ್ರಶ್ನೆ ಬರಲಾರದು ಎಂದು ಅಧಿಕಾರಿಯೊಬ್ಬರು ತಮಾಷೆ ಮಾಡಿದರಂತೆ. ನೋಡಿದರೆ ಅಲ್ಲಿಯೂ ಬಂತು! ಮೊದಲು ತೆರವಾಗುತ್ತಿದ್ದ ದೊಡ್ಡ ರಸ್ತೆಗಳಲ್ಲಿ ಕಾರಿನಲ್ಲಿ ಹೋಗುವವರಲ್ಲಿ ಗಂಡಸರೇ ಹೆಚ್ಚು. ಮಗುವನ್ನು ಶಿಶುವಿಹಾರಕ್ಕೆ ಬಿಟ್ಟು, ವಯಸ್ಸಾದವರಿಗೆ ಔಷಧಿ ತಂದು, ಕೆಲಸಕ್ಕೆ ಓಡುವ ಹೆಂಗಸರು ಹೆಚ್ಚಾಗಿ ನಡೆದೋ ಸೈಕಲ್ಲಿನಲ್ಲೋ ಬಸ್ಸಿನಲ್ಲೋ ಹೋಗುತ್ತಿದ್ದರು. ನಾಲ್ಕು ಬೆರಳು ಹಿಮದಲ್ಲಿ ಕಾರು ಹೋದೀತು. ಮಗುವಿನ ತಳ್ಳುಗಾಡಿಯಾಗಲಿ, ಗಾಲಿಕುರ್ಚಿಯಾಗಲಿ, ಸೈಕಲ್ಲಾಗಲಿ ಹೋಗುವುದು ಕಷ್ಟ. ಜಾರಿ ಬಿದ್ದು ಮೂಳೆ ಮುರಿದು ಆಸ್ಪತ್ರೆ ಸೇರುತ್ತಿದ್ದವರಲ್ಲೂ ಹೆಂಗಸರೇ ಹೆಚ್ಚು. ಊರಿನವರು ಸರದಿ ಬದಲಿಸಿದರು. ಮೊದಲು ಕಾಲುದಾರಿ, ಸೈಕಲ್ ದಾರಿ, ಆಮೇಲೆ ರಸ್ತೆ. ಹೆಚ್ಚಿನ ಖರ್ಚೇನೂ ಬರಲಿಲ್ಲ. ಅದೇ ಯಂತ್ರ, ಅದೇ ಹಿಮ.

ಈ ಕ್ರಮವನ್ನು ರಾಜಧಾನಿ ಸ್ಟಾಕ್‌ಹೋಮ್ ಕೂಡ ಸ್ವೀಕರಿಸಿತು. ಆದರೆ 2016ರ ನವೆಂಬರ್‌ನಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ಆ ತಿಂಗಳು ಕಾಣದಷ್ಟು ಹಿಮ ಒಮ್ಮೆಲೇ ಸುರಿದು ನಗರ ಸ್ತಬ್ಧವಾದಾಗ, ಸಮಾನತೆಯ ಹೆಸರಿನ ಈ ಕ್ರಮವೇ ಕಾರಣವೆಂದು ಹಲವರು ಗೇಲಿ ಮಾಡಿದರು. ಯಾವ ಸರದಿಯಲ್ಲಿ ತೆಗೆದಿದ್ದರೂ ಸಾಲದಷ್ಟು ಹಿಮ ಅದು ಎಂದು ಸಮರ್ಥಕರು ಉತ್ತರಿಸಿದರು. ದುರ್ಬಲರನ್ನು ಸರದಿಯ ಮುಂದೆ ನಿಲ್ಲಿಸಿದಾಗ ಮೊದಲ ಅಡಚಣೆಗೇ ಆಪಾದನೆ ಅವರ ತಲೆಗೆ ಬರುತ್ತದೆ. ಇದು ಸ್ವೀಡನ್ನಿಗೆ ಮಾತ್ರ ಸೇರಿದ ಅನುಭವವಲ್ಲ.

ಇಂದು ಹಿಮದಲ್ಲಿ ಸೈಕಲ್ ತುಳಿಯುವ ಇನ್ನೊಂದು ಜನವರ್ಗವಿದೆ. ನ್ಯೂಯಾರ್ಕಿನಲ್ಲಿ ಮನೆಬಾಗಿಲಿಗೆ ಊಟ ತಲುಪಿಸುವವರು. ಮೆಕ್ಸಿಕೊ, ಗ್ವಾಟೆಮಾಲಾ, ಪಶ್ಚಿಮ ಆಫ್ರಿಕಾ, ಬಾಂಗ್ಲಾದೇಶಗಳಿಂದ ಹೊಟ್ಟೆಪಾಡಿಗಾಗಿ ಬಂದವರು ಇವರಲ್ಲಿ ಬಹಳ. ಹಿಮಪಾತ ಜೋರಾದಷ್ಟೂ ಮನೆಯೊಳಗಿನವರ ಆರ್ಡರು ಹೆಚ್ಚುತ್ತದೆ. ಅವರ ಸೈಕಲ್ಲುಗಳು ಹೆಚ್ಚಾಗಿ ವಿದ್ಯುತ್ತಿನವು. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ, ಉಳಿದ ದಾರಿಗೆ ಕಾಲೇ ಗತಿ. 2015ರ ಜನವರಿಯ ಹಿಮಬಿರುಗಾಳಿಯ ವೇಳೆ ಅಂದಿನ ಮೇಯರ್ ಬಿಲ್ ಡಿ ಬ್ಲಾಸಿಯೊ, ರಾತ್ರಿಯ ವಾಹನ ನಿಷೇಧ ಊಟ ತರುವ ಸೈಕಲ್ಲುಗಳಿಗೂ ಅನ್ವಯಿಸುತ್ತದೆಂದು ಬಿಡಿಸಿ ಹೇಳಬೇಕಾಯಿತು. ಬಿರುಗಾಳಿಯಲ್ಲೂ ಊಟ ತರಿಸಿಕೊಳ್ಳುವುದು ಅಷ್ಟು ರೂಢಿಯಾಗಿತ್ತು. ಇವರು ಸಂಘಟಿತರಾದ ಮೇಲೆ 2021ರಲ್ಲಿ, ಹೋಟೆಲುಗಳ ಶೌಚಾಲಯ ಬಳಸುವ ಹಕ್ಕು ಸೇರಿದಂತೆ ಕೆಲವು ಕಾನೂನುಗಳು ಬಂದವು. 2023ರಲ್ಲಿ ಕನಿಷ್ಠ ಕೂಲಿಯ ನಿಯಮ ಜಾರಿಯಾಯಿತು. ಚಳಿಯಲ್ಲಿ ದಿನವಿಡೀ ದುಡಿಯುವವನಿಗೆ ಶೌಚಾಲಯದ ಬಾಗಿಲು ತೆರೆಯಲೂ ಕಾನೂನು ಬೇಕಾಯಿತೆಂಬುದನ್ನು ನಾವು ನೆನಪಿಡಬೇಕು.

ಡಾಸನ್ನಿನ ಚಿನ್ನದ ಬೇಟೆಗಾರ, ಕಬ್ಬಿಣದ ರಿಮ್ಮಿನ ಮೇಲೆ ಆಲೂಗೆಡ್ಡೆ ತಂದ ಡಚ್ ತಾಯಿ, ನ್ಯೂಯಾರ್ಕಿನ ಬಾಂಗ್ಲಾ ತರುಣ ಇವರೆಲ್ಲರೂ ಹಿಮದಲ್ಲಿ ಸೈಕಲ್ ಹತ್ತಿದ್ದು ಬೇರೆ ದಾರಿಯಿಲ್ಲದೆ. ಔಲುವಿನ ಶಾಲಾಬಾಲಕಿ ಹತ್ತುವುದು ತನಗೂ ಒಂದು ದಾರಿಯಿದೆ ಎಂಬ ಭರವಸೆಯಿಂದ. ಚಳಿ ಇಬ್ಬರಿಗೂ ಒಂದೇ. ಸೈಕಲ್ಲೂ ಹೆಚ್ಚುಕಡಿಮೆ ಒಂದೇ. ಬೇರೆಯಾಗಿರುವುದು, ಅವಳು ಏಳುವ ಮುಂಚೆಯೇ ಎದ್ದು ಯಾರೋ ಅವಳ ದಾರಿಯ ಹಿಮ ಸರಿಸಿದ್ದಾರೆ ಎಂಬುದು. ಒಂದು ಊರು ತನ್ನ ಜನರಲ್ಲಿ ಯಾರನ್ನು ಮೊದಲು ನೆನೆಯುತ್ತದೆ ಎಂದು ತಿಳಿಯಬೇಕೆ? ಹಿಮ ಬಿದ್ದ ಬೆಳಿಗ್ಗೆ ಅಲ್ಲಿ ಮೊದಲು ತೆರವಾದ ದಾರಿ ಯಾವುದೆಂದು ನೋಡಿದರೆ ಸಾಕು.