ಕೊರಿಯನ್ನರ ಕಣ್ಣು, ನಮ್ಮ ಕಣ್ಣು: ನೆಂಟರಾ?

ಮಾತಿನ ಚರಿತ್ರೆ | ಭಾಗ 4 👁️👃👂

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಕೆ-ಡ್ರಾಮಾ ಪ್ರಿಯರೇ, ಈ ಭಾಗ ನಿಮಗೆ.

ಸೀರಿಯಲ್ಲಿನಲ್ಲಿ ಕೊರಿಯನ್ ಹುಡುಗಿ ‘ಅಪ್ಪಾ’ ಅಂತ ಕರೆದ ಕೂಡಲೇ ನಿಮ್ಮ ಕಿವಿ ನೆಟ್ಟಗಾಗುತ್ತೆ ಅಲ್ವಾ? ಅಮ್ಮನಿಗೆ ‘ಒಮ್ಮಾ’. ಅಷ್ಟಕ್ಕೇ ‘ಕೊರಿಯನ್ ಭಾಷೆ ದ್ರಾವಿಡದಿಂದ ಹುಟ್ಟಿದ್ದು’ ಅನ್ನೋ ರೀಲ್ ಶೇರ್ ಮಾಡಬೇಡಿ. ಮೊದಲು ಇದನ್ನ ಓದಿ.

ಈ ಮಾತು ಹೊಸದಲ್ಲ. ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ 1886ರಲ್ಲಿ ಮೇಷ್ಟ್ರಾಗಿ ಕೊರಿಯಾಕ್ಕೆ ಹೋದ. 1905ರಲ್ಲಿ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನೇ ಬರೆದ. ಅವನಿಗೆ ಹಾಗನ್ನಿಸಿದ್ದರಲ್ಲಿ ಆಶ್ಚರ್ಯ ಇಲ್ಲ. ‘ನಾನು ನೀರು ಕುಡಿದೆ’ ಅಂತ ನಾವು ಹೇಳೋ ಕ್ರಮದಲ್ಲೇ ಅವರೂ ಹೇಳ್ತಾರೆ, ಕ್ರಿಯಾಪದ ಕೊನೆಗೆ. ಆದರೆ ಜಪಾನಿ, ಟರ್ಕಿಶ್ ಭಾಷೆಗಳೂ ಹಾಗೇ ಇವೆ!

ಹಾಗಾದ್ರೆ ನೆಂಟಸ್ತಿಕೆ ಗೊತ್ತಾಗೋದು ಹೇಗೆ? ಮೈಯ ಅಂಗಗಳ ಹೆಸರು ಕೇಳಿ. ಬಸ್ಸು, ಕಾಫಿ ಅನ್ನೋ ಪದ ಹೊರಗಿಂದ ಬರುತ್ತೆ. ಕಣ್ಣು, ಮೂಗಿಗೆ ಸಾಲ ತರೋದು ಕಡಿಮೆ. ಅದಕ್ಕೇ 1950ರ ದಶಕದಲ್ಲಿ ಮೋರಿಸ್ ಸ್ವಾದೇಶ್ ಮಾಡಿದ ಮೂಲಪದಗಳ ಪಟ್ಟಿಯಲ್ಲಿ ಅಂಗಗಳಿಗೆ ದೊಡ್ಡ ಜಾಗ.

ಪರೀಕ್ಷೆ ಮಾಡೋಣ. 2014ರಲ್ಲಿ ಥೇಯಾಂಗ್ ಹಾಡಿದ ಹಾಡಿನ ಹೆಸರೇ ಪಾಠ: ‘ನುನ್, ಖೊ, ಇಪ್’.

👁️ ಕಣ್ಣು: ತಮಿಳು ಕಣ್, ತೆಲುಗು ಕನ್ನು. ಕೊರಿಯನ್ ನುನ್.
👃 ಮೂಗು: ತಮಿಳು ಮೂಕ್ಕು, ತೆಲುಗು ಮುಕ್ಕು. ಕೊರಿಯನ್ ಖೊ.
👄 ಬಾಯಿ: ತಮಿಳು ವಾಯ್. ಕೊರಿಯನ್ ಇಪ್.
✋ ಕೈ: ತಮಿಳು ಕೈ, ತೆಲುಗು ಚೇಯಿ. ಕೊರಿಯನ್ ಸೊನ್.

ನಮ್ಮ ನೆಂಟರು ಯಾರು ಅಂತ ಕಾಣ್ತಲ್ಲ?

‘ಕಿವಿಗೆ ಅವರು ಗ್ವಿ ಅಂತಾರಲ್ಲ!’ ಅಂತೀರಾ? ಒಳ್ಳೆ ಪ್ರಶ್ನೆ. ಒಂದು ಪದ ಕಾಕತಾಳೀಯವಾಗಿ ಹೊಂದಬಹುದು. ನೆಂಟಸ್ತಿಕೆಗೆ ನಿಯಮ ಬೇಕು. ನಮ್ಮ ಕಿವಿ ತೆಲುಗಿನಲ್ಲಿ ಚೆವಿ. ಕಿರು ಅಲ್ಲಿ ಚಿರು. ಚನ್ನಗಿರಿಯವರೇ, ನಿಮ್ಮ ಸೂಳೆಕೆರೆಯ ‘ಕೆರೆ’ ಅಲ್ಲಿ ಚೆರುವು. ಈ ಪದಗಳಲ್ಲೆಲ್ಲ ನಮ್ಮ ‘ಕ’ ಇದ್ದಲ್ಲಿ ಅವರ ‘ಚ’. ಕೊರಿಯನ್ನಿನ ಜೊತೆ ಇಂಥ ನಿಯಮ ಯಾರಿಗೂ ಗಟ್ಟಿಯಾಗಿ ಸಿಕ್ಕಿಲ್ಲ. ಅದಕ್ಕೇ ಇಂದಿನ ಭಾಷಾವಿಜ್ಞಾನಿಗಳು ಹಲ್ಬರ್ಟ್ ವಾದವನ್ನು ಒಪ್ಪೋದಿಲ್ಲ. ಇನ್ನು ಅಪ್ಪ-ಅಮ್ಮ? ತುಟಿ ಮುಚ್ಚಿ ತೆರೆದರೆ ಹುಟ್ಟೋ ಪ, ಮ ಕೂಸುಗಳ ಮೊದಲ ಸದ್ದುಗಳು. ಎಷ್ಟೋ ದೇಶಗಳಲ್ಲಿ ಅದೇ ಅಪ್ಪ-ಅಮ್ಮನ ಹೆಸರಾಗಿದೆ.

ಹಾಗಂತ ಬೇಜಾರಾಗಬೇಡಿ. 2016ರ ಬಿಟಿಎಸ್ ಹಾಡು ‘ಪಿ, ತ್ತಾಮ್, ನುನ್‌ಮುಲ್’ ನೆನಪಿದೆಯಾ? ರಕ್ತ, ಬೆವರು, ಕಣ್ಣೀರು. ನುನ್ ಅಂದ್ರೆ ಕಣ್ಣು, ಮುಲ್ ಅಂದ್ರೆ ನೀರು. ಕಣ್ಣು+ನೀರು=ಕಣ್ಣೀರು! ರಕ್ತಸಂಬಂಧ ಇಲ್ಲ, ಆದರೂ ಎರಡೂ ಕಡೆ ಜನ ಅಳುವನ್ನು ಒಂದೇ ಥರ ಕಂಡರು. ಮಣಿಕಟ್ಟಿಗೆ ಅವರು ‘ಸೊನ್‌ಮೊಕ್’ ಅಂತಾರೆ: ಕೈಯ ಕುತ್ತಿಗೆ. ಎಷ್ಟು ಚೆಂದ!

ಒಂದು ಭಾಷೆಯನ್ನ ಪ್ರೀತಿಸೋಕೆ ಅದು ನಮ್ಮ ಮನೆಯಿಂದಲೇ ಹೋಗಿರಬೇಕು ಅಂತೇನಿಲ್ಲ. ಪಕ್ಕದ ಮನೆಯವರ ಹಾಗೆ ಪರಿಚಯ ಮಾಡಿಕೊಂಡರೆ ಸಾಕು.

ಈಗ ನಿಮ್ಮ ಸರದಿ 👇 ನಿಮ್ಮೂರಲ್ಲಿ ಹಿರಿಯರು ಹಿಮ್ಮಡಿ, ಮಣಿಕಟ್ಟು, ಕಂಕುಳಿಗೆ ಏನಂತಾರೆ? ಊರ ಹೆಸರಿನ ಜೊತೆ ಕಾಮೆಂಟ್ ಮಾಡಿ. ಆ ಪದಗಳೇ ಭಾಗ 5.

#ಮಾತಿನಚರಿತ್ರೆ #ಕನ್ನಡ #ದಾವಣಗೆರೆ #ಕೊರಿಯನ್‌ಕಲಿಯೋಣ